ಅಣ್ಣನ ಹೆಸರಿನ ರಕ್ತ

ಗಂಟುಗಳು ಇನ್ನೂ ಅಲ್ಲೇ ಇದ್ದವು. ಕಣ್ಣು ಪೂರ್ತಿ ಬಿಡುವ ಮೊದಲೇ ಅವನ ಎಡಗೈ ತಾನಾಗಿ ಹೊದಿಕೆಯೊಳಗೆ ಸರಿದು, ಬಲಗೈಯ ಮೊಣಕೈ ಮಡಿಕೆಯನ್ನು ತಡವಿ, ಇವೆ ಎಂದು ಖಾತ್ರಿ ಮಾಡಿಕೊಂಡು, ಅಷ್ಟಕ್ಕೆ ಸುಮ್ಮನಾಗದೆ ಮತ್ತೆ ತಡವಿತು. ಮಡಿಕೆಯಲ್ಲೇ ಒಂದು, ಒಣ ಬಟಾಣಿಯಷ್ಟು. ಅದರ ಕೆಳಗೆ ಇನ್ನೊಂದು, ತುಸು ಉದ್ದಕ್ಕೆ. ಅಲ್ಲಿಂದ ಮಣಿಕಟ್ಟಿನ ಕಡೆಗೆ ಚರ್ಮದ ಅಡಿಯಲ್ಲಿ ಗಟ್ಟಿಯಾದ ಒಂದು ದಾರ. ಒತ್ತಿದರೆ ಉರಿಯುತ್ತಿತ್ತು, ಒತ್ತದೆ ಬಿಟ್ಟರೆ ಒತ್ತು ಎಂದು ಕರೆಯುತ್ತಿತ್ತು. ಮೊದಲು ಇಡೀ ಮಡಿಕೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಆಮೇಲೆ ಹಸಿರಾಯಿತು, ಹಳದಿಯಾಯಿತು. ಬಣ್ಣವೆಲ್ಲ ಇಳಿದು ಹೋದಮೇಲೆ ಇವು ಉಳಿದುಕೊಂಡವು. ರಕ್ತ ಕೊಟ್ಟು ತಿಂಗಳಾಗುತ್ತ ಬಂತು. ಸಣ್ಣದೊಂದು ಕೊಳವೆಯಷ್ಟು ರಕ್ತ. ಅಷ್ಟಕ್ಕೆಲ್ಲ ಯಾರ ಕೈಯೂ ಹೀಗಾಗುವುದಿಲ್ಲ, ತನ್ನದು ಆಗಿದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು ಎಂದು ಅವನ ಮನಸ್ಸು ಬೆಳಕು ಹರಿಯುವ ಮೊದಲೇ ವಾದ ಶುರುಮಾಡುತ್ತಿತ್ತು. ಕಾರಣ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

"ಏನಪ್ಪಾ, ಚಹಾ ಆರ್ತಾ ಇದೆ. ಇಳಿದು ಬರ್ತೀಯೋ, ಇಲ್ಲಾ ಮೆರವಣಿಗೆ ಮಾಡ್ಕೊಂಡು ತರಬೇಕೋ?" ಕೆಳಗಿನಿಂದ ಅತ್ತಿಗೆ ಕೂಗಿದಳು.

ಅವನ ಕೋಣೆ ಅಣ್ಣನ ಮನೆಯ ಮೇಲ್ಗಡೆಯದು. ಮದುವೆ ಯಾಕೋ ಒದಗಿ ಬರಲಿಲ್ಲ. ಬರಲಿಲ್ಲ ಎಂದು ಕೊರಗುವ ವಯಸ್ಸೂ ದಾಟಿತು. ಅಣ್ಣ ಬಸ್ಸು ಓಡಿಸುತ್ತಾನೆ, ಅವನು ಗಾಜಿನ ಅಂಗಡಿಯಲ್ಲಿ ಗಾಜು ಕೊಯ್ಯುತ್ತಾನೆ, ಅತ್ತಿಗೆ ಇಬ್ಬರಿಗೂ ಬೇಯಿಸಿ ಹಾಕುತ್ತಾಳೆ. ಕೆಳಗಿಳಿದಾಗ ಅಣ್ಣ ಆಗಲೇ ಯೂನಿಫಾರಂ ತೊಟ್ಟು ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ. ಎಡಗೈಯಲ್ಲಿ ಲೋಟ. ಅಣ್ಣ ಎಡಚ, ಬರೆಯುವುದು, ಮೊಳೆ ಹೊಡೆಯುವುದು, ಬೈಯುವಾಗ ಬೆರಳು ತೋರಿಸುವುದು ಎಲ್ಲವೂ ಎಡಗೈಯಲ್ಲೇ.

"ಇನ್ನೊಂದು ಚಮಚ ಹಾಕೇ," ಅಂದ ಅಣ್ಣ.

"ಹಾಕಿದೀನಲ್ರೀ."

"ಹಾಕಿರೋದು ನಾಲಗೆಗೆ ಗೊತ್ತಾಗ್ಬೇಡ್ವಾ? ಇಷ್ಟು ವರ್ಷ ಕಷಾಯ ಕುಡಿಸಿದ್ದು ಸಾಕು. ಡಿಪೋ ಡಾಕ್ಟರ್ರೇ ಹೇಳಿದ್ರು, ನಿನ್ನ ರಕ್ತ ಒಳ್ಳೇ ಹರೆಯದ ಹುಡುಗನ ರಕ್ತ ಇದ್ದ ಹಾಗಿದೆ ಅಂತ."

"ಹರೆಯದ ಹುಡುಗ! ಸ್ವಲ್ಪ ಕನ್ನಡಿ ನೋಡ್ಕೊಂಡು ಮಾತಾಡಿ," ಅತ್ತಿಗೆ ನಕ್ಕಳು. ನಗುತ್ತಲೇ ಇನ್ನೊಂದು ಚಮಚ ಸಕ್ಕರೆ ಸುರಿದಳು. ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದಾಗ ಜೊತೆಗೆ ತಾನೂ ಸಕ್ಕರೆ ಬಿಟ್ಟವಳು ಅವಳು. ಗಂಡನೊಬ್ಬನೇ ಸಪ್ಪೆ ಕುಡಿಯುವುದು ನೋಡಲಾರೆ ಎಂದು. ಈಗ ತನ್ನ ಲೋಟಕ್ಕೂ ಹಾಕಿಕೊಂಡಳು, ಧಾರಾಳವಾಗಿ, ಹಬ್ಬದ ಮುಖ ಮಾಡಿಕೊಂಡು.

ಅವನು ಅಣ್ಣನ ಮುಖವನ್ನೇ ನೋಡಿದ. ಮೊದಮೊದಲು, ಡಿಪೋದ ರಕ್ತಪರೀಕ್ಷೆಯ ಫಲ ಬಂದ ದಿನ, ಹೆಂಡತಿಯ ಬೆನ್ನ ಹಿಂದಿನಿಂದ ಅಣ್ಣ ಅವನಿಗೆ ಕಣ್ಣು ಹೊಡೆದಿದ್ದ. ಆ ಕಣ್ಣು ಹೊಡೆತದಲ್ಲಿ ಎಷ್ಟು ಸಮಾಧಾನವಿತ್ತು ಎಂದು ಈಗ ಗೊತ್ತಾಗುತ್ತಿತ್ತು. ಕಳ್ಳರಿಬ್ಬರು ಅನ್ನುವುದಾದರೂ ಇತ್ತು. ಆಮೇಲಾಮೇಲೆ ಅದು ನಿಂತಿತು. ಈಗ ಆ ಮುಖದಲ್ಲಿ ಹುಡುಕಿದರೂ ಒಂದು ಗೆರೆ ಸಿಗುತ್ತಿರಲಿಲ್ಲ. ಅಣ್ಣ ನಟಿಸುತ್ತಿರಲಿಲ್ಲ. ಅಣ್ಣ ನಂಬಿಬಿಟ್ಟಿದ್ದ. ತಮ್ಮನ ರಕ್ತ ತನ್ನ ಹೆಸರಿನಲ್ಲಿ ಹೋಗಿ, ತನ್ನ ಹೆಸರಿನಲ್ಲಿ ಚೊಕ್ಕವಾಗಿ ತಿರುಗಿ ಬಂದು, ಡಿಪೋದಲ್ಲಿ ಭೇಷ್ ಅನ್ನಿಸಿಕೊಂಡು, ಹೇಗೋ ಯಾವ ದಾರಿಯಿಂದಲೋ ತನ್ನ ಮೈಯೊಳಗೇ ಇಳಿದಿದೆ ಎಂದು ನಂಬಿಕೊಂಡು, ಮಾತ್ರೆಯ ಡಬ್ಬಿಯನ್ನು ಗೂಡಿನಿಂದ ತೆಗೆಸಿ ಅಲ್ಲಿ ಬಾಚಣಿಗೆ ಇಟ್ಟಿದ್ದ.

"ಕೈ ಯಾಕೋ ಹಾಗೆ ಹಿಡ್ಕೊಂಡಿದೀಯ?" ಅತ್ತಿಗೆ ಕೇಳಿದಳು. ಅವನು ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ ಉತ್ತರ ಕೊಟ್ಟ: "ಗಾಜು ಎತ್ತೋನ ಕೈ ಅಲ್ವೇನೇ, ಉಳುಕಿರುತ್ತೆ. ಎಣ್ಣೆ ಬಿಸಿ ಮಾಡಿ ತಿಕ್ಕೋಕೆ ಹೇಳು." ಅತ್ತಿಗೆ ಅವನ ತೋಳೆಳೆದು ಬೆರಳಿಟ್ಟು ನೋಡಿದಳು. "ಅಯ್ಯಯ್ಯೋ, ಕಾಳು ಕಾಳು ಸಿಗುತ್ತೆ ಕಣ್ರೀ ಒಳಗೆ! ನೋಡಿ ಬನ್ನಿ ಇಲ್ಲಿ." ಅಣ್ಣ ಬೂಟಿನ ದಾರ ಕಟ್ಟುತ್ತಿದ್ದ. ದಾರ ಬೆರಳಿಗೆ ಸಿಗದೆ ಮತ್ತೆ ಮತ್ತೆ ಜಾರುತ್ತಿತ್ತು. "ಹೊತ್ತಾಯ್ತು," ಅಂದು ಕಟ್ಟದೆಯೇ ದಾರವನ್ನು ಬೂಟಿನೊಳಗೆ ತುರುಕಿ ಎದ್ದ.

ಅಂಗಡಿಗೆ ನಡೆಯುತ್ತ ಅವನಿಗೆ ಎಂದಿನಂತೆ ಯೋಚನೆಗಳು ಕಾಲಿಗೆ ತೊಡರಿದವು. ಎರಡೇ ಹನಿ, ಅಂದಿದ್ದ ಅಣ್ಣ. ಮೇಲಿನ ಕೋಣೆಗೆ ಎಂದೂ ಹತ್ತದವನು ಅಂದು ಹತ್ತಿ ಬಂದು, ಹಾಸಿಗೆಯ ತುದಿಯಲ್ಲಿ ಕೂತು, ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ. "ಎರಡೇ ಹನಿ ಕಣೋ. ನಿಂದೂ ನಂದೂ ಒಂದೇ ರಕ್ತ ತಾನೇ? ಒಂದೇ ಹೊಟ್ಟೇಲಿ ಹುಟ್ಟಿಲ್ವಾ? ಡಿಪೋ ಪರೀಕ್ಷೆಗೆ ನನ್ನ ರಕ್ತ ಕೊಟ್ರೆ ನಾಳೆಯಿಂದ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಆ ಮೀಸೆ ಡ್ರೈವರನ್ನ ಏನು ಮಾಡಿದ್ರು ನೋಡಿದೀಯಲ್ಲ? ಗೇಟಿನ ಹತ್ರ ಸ್ಟೂಲ್ ಹಾಕಿ ಕೂರ್ಸಿದಾರೆ. ಬರೋ ಗಾಡಿಗೆ ಕೈ ಎತ್ತೋದು, ಹೋಗೋ ಗಾಡಿಗೆ ಕೈ ಎತ್ತೋದು. ಅವನ ಕೈ ಕೆಳಗೆ ಕಲಿತ ಹುಡುಗರು ಹಾರ್ನ್ ಹೊಡೆದು ಹಲ್ಲು ಕಿರೀತಾರೆ. ನಾನು ಸತ್ರೂ ಆ ಸ್ಟೂಲಿನ ಮೇಲೆ ಕೂರಲ್ಲ." ಹೇಳುತ್ತ ಹೇಳುತ್ತ ಅಣ್ಣನ ದನಿ ಒಡೆಯಿತು. ಅವನು ಹೂಂ ಅಂದ. ಬೇಡ ಅನ್ನಬೇಕೆಂದು ನಾಲಗೆಯ ತುದಿಗೆ ಬಂದ ಮಾತು ಹಿಂದಕ್ಕೆ ಹೋಗಿ ಹೂಂ ಆಗಿ ಬಂತು. ಅಣ್ಣನಿಗೆ ಬೇಡ ಅಂದು ಅವನಿಗೆ ಅಭ್ಯಾಸವೇ ಇರಲಿಲ್ಲ. ಶಾಲೆಯಲ್ಲಿ ನೀರಿನ ಹೂಜಿ ಒಡೆದವನು ಅವನು. ಮೇಷ್ಟ್ರು ಬೆತ್ತ ಹಿಡಿದು ಯಾರು ಎಂದಾಗ ಮೇಲಿನ ತರಗತಿಯ ಕಿಟಕಿಯಿಂದ ನೋಡಿದ ಅಣ್ಣ ಓಡಿಬಂದು ನಾನೇ ಎಂದು ಎಡಗೈ ಚಾಚಿದ್ದ. ಒಂದು, ಇನ್ನೊಂದು, ಮತ್ತೊಂದು. ಸಂಜೆ ಮನೆಗೆ ಬರುವಾಗ ಬಾತುಕೊಂಡ ಅಂಗೈಯನ್ನು ತೋರಿಸಿ, "ನೋಡೋ, ರೊಟ್ಟಿ ಉಬ್ಬಿದ ಹಾಗೆ ಉಬ್ಬಿದೆ," ಎಂದು ನಕ್ಕಿದ್ದ. ಅಂದು ಅವನು ಅತ್ತಿದ್ದ, ಏಟು ತಿಂದವನು ನಕ್ಕಿದ್ದ. ಈಗ ತನ್ನ ಕೈ ಉಬ್ಬಿದೆ. ಲೆಕ್ಕ ಚುಕ್ತಾ ಆಯಿತೆಂದು ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಅಂದು ಅಣ್ಣ ಕೈ ಚಾಚಿದಾಗ ಬೇರೆ ಯಾರೂ ಸಾಯುವ ಹಾಗಿರಲಿಲ್ಲ.

ಅದೇ ರಸ್ತೆಯ ತಿರುವಿನಲ್ಲಿ, ಹೋದ ವಾರದ ರಜೆಯ ದಿನ, ಅವರಿಬ್ಬರೂ ತರಕಾರಿ ಚೀಲ ಹಿಡಿದು ಬರುತ್ತಿದ್ದರು. ಹಿಂದಿನಿಂದ ಒಂದು ಪುಟ್ಟ ಹುಡುಗಿ, "ಅಜ್ಜಾ, ಅಜ್ಜಾ, ನಿಮ್ಮ ಚಪ್ಪಲಿ!" ಎಂದು ಕೂಗಿದಳು. ನೋಡಿದರೆ ಅಣ್ಣನ ಬಲಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ರಸ್ತೆಯ ನಡುವೆ ಬಿದ್ದಿತ್ತು. ಬರಿಗಾಲಲ್ಲಿ ಜಲ್ಲಿಯ ಮೇಲೆ ಅಷ್ಟೂ ದೂರ ನಡೆದು ಬಂದಿದ್ದ ಅಣ್ಣ, ತರಕಾರಿಯವಳ ತೂಕದ ಬಗ್ಗೆ ಬೈಯುತ್ತ. ಚಪ್ಪಲಿ ಕಳಚಿದ್ದು ಅಣ್ಣನಿಗೆ ತಿಳಿದೇ ಇರಲಿಲ್ಲ. "ಯಾರೇ ಅಜ್ಜ? ನಾನು ಅಜ್ಜನ ಥರ ಕಾಣ್ತೀನಾ?" ಎಂದು ಹುಡುಗಿಯ ಮೇಲೆ ರೇಗಿದ. ಅವನು ಚಪ್ಪಲಿ ತಂದು ಅಣ್ಣನ ಕಾಲ ಬಳಿ ಇಟ್ಟ. ಅಂಗಾಲಿನಲ್ಲಿ ಒಂದು ಕಡೆ ರಕ್ತ ಒಸರುತ್ತಿತ್ತು. ಬ್ರೇಕ್ ತುಳಿಯುವ ಕಾಲು. ಹೇಳದೆ ನುಂಗಿದ ಮಾತು ಹೊಟ್ಟೆಗೆ ಇಳಿಯಬೇಕಿತ್ತು, ನೆಟ್ಟಗೆ ತೋಳಿಗೆ ಇಳಿದು ಗಂಟು ಕಟ್ಟಿತು ಎಂದು ಆ ರಾತ್ರಿಯಿಂದ ಅನ್ನಿಸತೊಡಗಿತ್ತು.

ಅಂಗಡಿಯಲ್ಲಿ ಅವನಿಗೆ ಗೀರಪ್ಪ ಎಂದು ಹೆಸರು. ಒಂದೇ ಗೀರು ಹಾಕುತ್ತಾನೆ, ಎರಡನೆಯದು ಹಾಕುವುದಿಲ್ಲ ಎಂದು. ಗಾಜಿಗೆ ಎರಡನೆಯ ಗೀರು ಆಗಿಬರುವುದಿಲ್ಲ. ಕಟ್ಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಪಟ್ಟಿಗೆ ಆನಿಸಿ, ಆ ಕಡೆಯ ಅಂಚಿನಿಂದ ಈ ಕಡೆಯ ಅಂಚಿನವರೆಗೆ ಒಂದೇ ಉಸಿರಿನಲ್ಲಿ, ಒಂದೇ ಭಾರದಲ್ಲಿ ಎಳೆದುಕೊಂಡು ಬರಬೇಕು. ಆಗ ಸರ್ರ್ ಎಂದು ಸಣ್ಣ ಸದ್ದು ಬರುತ್ತದೆ. ಆ ಸದ್ದು ನಡುವೆ ಎಲ್ಲಾದರೂ ತಪ್ಪಿತೋ, ಗಾಜು ಅಲ್ಲಿಂದ ತನ್ನ ದಾರಿ ಹಿಡಿಯುತ್ತದೆ. ಇಂದು ಹಲಗೆಯ ಆಚೆ ಒಬ್ಬ ಹೆಂಗಸು ನಿಂತಿದ್ದಳು, ಬಚ್ಚಲಿನ ಕಿಟಕಿಗೆ ಗಾಜು ಬೇಕೆಂದು, ಅಳತೆಯ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು. ಅವನು ಎಳೆದ. ಮೊಣಕೈ ಮಡಿಯುತ್ತಿದ್ದ ಹಾಗೆ ಆ ದಾರ ಒಳಗಿನಿಂದ ಚುಚ್ಚಿತು, ಕೈ ಒಂದು ಕೂದಲೆಳೆಯಷ್ಟು ಹಗುರಾಯಿತು, ಸದ್ದು ತಪ್ಪಿತು. ಸರಿಯಾಗಿದೆಯೆಂದು ತನಗೇ ಸುಳ್ಳು ಹೇಳಿಕೊಂಡು ಹಲಗೆಯ ಅಂಚಿಗೆ ಒತ್ತಿ ಮುರಿದ. ಗಾಜು ಗೀರಿನ ಮೇಲೆ ಅರ್ಧ ಬಂದು, ಆಮೇಲೆ ಓರೆಯಾಗಿ ಹರಿದು, ಎರಡು ನಾಲಗೆಗಳಾಗಿ ಬಿತ್ತು.

"ಮುರಿಯೋದು ನನಗೂ ಬರುತ್ತಪ್ಪ, ಅದಕ್ಕೆ ಇಲ್ಲಿವರೆಗೆ ಬರಬೇಕಿತ್ತಾ?" ಅಂದಳು ಹೆಂಗಸು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಗಾಜು ಕೂರಿಸುವ ಪುಟ್ಟಿ ಕಲಸುತ್ತಿದ್ದವನು ಕಿಸಕ್ಕೆಂದ. ಯಜಮಾನರು ಎದ್ದು ಬಂದು, ಏನೂ ಮಾತಾಡದೆ ಅವನ ಕೈಯಿಂದ ಕಟ್ಟರ್ ತೆಗೆದುಕೊಂಡು, ಹೊಸ ಹಾಳೆ ಎಳೆದು, ತಾವೇ ಗೀರಿದರು. ಸದ್ದು ಸರಿಯಾಗಿ ಬಂತು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ. ಹೆಂಗಸು ಹೋದಮೇಲೆ ಯಜಮಾನರು ಅವನ ತೋಳು ಹಿಡಿದು ಬೆಳಕಿಗೆ ತಿರುಗಿಸಿ ಹೆಬ್ಬೆರಳಿನಿಂದ ತಡವಿದರು.

"ಇದೇನಯ್ಯ ಇದು, ಬಿತ್ತನೆ ಮಾಡಿದ ಹಾಗಿದೆ! ಯಾವಾಗಿಂದ?"

"ರಕ್ತ ತೆಗೆಸಿದಾಗಿಂದ."

"ರಕ್ತ ಯಾಕೆ ತೆಗೆಸಿದೆ? ನಿನಗೇನಾಗಿದೆ?"

"ನನಗೇನೂ ಆಗಿಲ್ಲ," ಅಂದ. ಅದೊಂದು ಮಾತು ನಿಜವಾಗಿತ್ತು.

"ಮತ್ತೆ ಬಲಗೈಯಿಂದ ಯಾಕೆ ತೆಗೆಸಿದೆ ಮಾರಾಯಾ? ಕೆಲಸದ ಕೈ ಅಂತ ಹೇಳೋಕೆ ಬಾಯಿ ಇರಲಿಲ್ವಾ?"

ಬಾಯಿ ಇತ್ತು. ಬಾಯಿಯಿಂದಲೇ ಆದದ್ದು ಅದೆಲ್ಲ. ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಅವನು ಅಣ್ಣನ ಹೆಸರು, ಅಣ್ಣ ಹುಟ್ಟಿದ ವರ್ಷ, ಅಣ್ಣನ ಡ್ರೈವರ್ ಬಿಲ್ಲೆಯ ನಂಬರು ಎಲ್ಲವನ್ನೂ ಶಾಲೆಯ ಮಗ್ಗಿಯ ಹಾಗೆ ಉರುಹೊಡೆಯುತ್ತಿದ್ದ. ಗುರುತಿನ ಚೀಟಿಯಲ್ಲಿದ್ದ ಹಳೆಯ ಫೋಟೋಗೆ ಇಬ್ಬರ ಮೂಗೂ ಒಗ್ಗುತ್ತಿತ್ತು. ಮೊದಲ ಸಲ ಹೆಸರು ಕೂಗಿದಾಗ ಏಳಲೇ ಇಲ್ಲ. ಯಾರನ್ನೋ ಕರೆದರು ಎಂದು ಅವನೂ ಉಳಿದವರ ಹಾಗೆ ಅತ್ತ ಇತ್ತ ನೋಡಿದ. ಎರಡನೆಯ ಸಲ ಬೆಚ್ಚಿ ಎದ್ದ. ಒಳಗೆ ರಕ್ತ ತೆಗೆಯುವ ಹುಡುಗಿ ದಣಿದ ಕಣ್ಣುಗಳವಳು, ಒಳ್ಳೆಯವಳು. ರಬ್ಬರ್ ಪಟ್ಟಿ ಕೈಯಲ್ಲಿ ಹಿಡಿದು, "ಯಾವ ಕೈಯಲ್ಲಿ ಕೆಲಸ ಮಾಡ್ತೀರಿ?" ಎಂದು ಕೇಳಿದಳು. ಅವನು ಆಗ ಅಣ್ಣನಾಗಿದ್ದ, ಉಗುರಿನ ತುದಿಯವರೆಗೂ ಅಣ್ಣನಾಗಿದ್ದ. ಎಡಗೈ, ಅಂದುಬಿಟ್ಟ. "ಹಾಗಾದ್ರೆ ಬಲಗೈ ಕೊಡಿ," ಎಂದು ಅವಳು ಬಲಗೈಗೆ ಪಟ್ಟಿ ಬಿಗಿದಳು. ತಪ್ಪಾಯಿತು ಎಂದು ಹೇಳಲು ಹೊತ್ತಿತ್ತು. ಹೇಳಿದರೆ ಇನ್ನೇನು ತಪ್ಪಿದೆಯೋ ಎಂದು ಕೆದಕಿಯಾಳು ಎಂದು ಹೆದರಿ ತೋಳು ಬಿಗಿಮಾಡಿಕೊಂಡ. "ಸಡಿಲ ಬಿಡಿ, ಸಡಿಲ ಬಿಡಿ," ಅಂದಳು. ಬಿಡಲಾಗಲಿಲ್ಲ. ಸೂಜಿ ಒಮ್ಮೆ ಹೋಗಿ ಸಿಗದೆ, ಒಳಗೇ ಹುಡುಕಾಡಿ, ಮತ್ತೊಮ್ಮೆ ಹೋಯಿತು. ಆಮೇಲೆ ಹತ್ತಿ ಇಟ್ಟು, ಗಟ್ಟಿಯಾಗಿ ಒತ್ತಿಕೊಳ್ಳಿ, ತೆಗೆಯಬೇಡಿ ಎಂದು ಹೇಳಿ ಸಹಿಗೆ ಪೆನ್ನು ಕೊಟ್ಟಳು. ಎಡಗೈಯವನು ಎಡಗೈಯಲ್ಲೇ ಸಹಿ ಮಾಡಬೇಕಲ್ಲ! ಹತ್ತಿ ಬಿಟ್ಟು, ಎಡಗೈಯಲ್ಲಿ ಪೆನ್ನು ಹಿಡಿದು, ಅಣ್ಣನ ಹೆಸರನ್ನು ಒಂದೊಂದೇ ಅಕ್ಷರವಾಗಿ ಮಗುವಿನ ಹಾಗೆ ಕೊರೆಯತೊಡಗಿದ. ಹತ್ತಿ ನೆಲಕ್ಕೆ ಬಿತ್ತು. ಮಡಿಕೆಯಲ್ಲಿ ನೋಡನೋಡುತ್ತ ಮೊಟ್ಟೆಯಂತೆ ಊದಿಕೊಂಡಿತು. "ತಲೆ ಸುತ್ತುತ್ತಾ ಅಂಕಲ್? ಅಕ್ಷರ ನಡುಗ್ತಾ ಇದೆ," ಅಂದಳು ಹುಡುಗಿ, ಮರುಕದಿಂದ. ಅವಳದೇನೂ ತಪ್ಪಿಲ್ಲ ಎಂಬುದೇ ಅವನಿಗೆ ದೊಡ್ಡ ಕಷ್ಟವಾಗಿತ್ತು. ಬೈಯಲು ಯಾರೂ ಇರಲಿಲ್ಲ. ಹಿಂದೆ ಹೋಗಿ ಕೈ ತೋರಿಸಲೂ ಆಗದು. ಆ ಕೈ ಅಲ್ಲಿ ಇನ್ನೊಬ್ಬರದು.

"ಇವತ್ತು ನೀನು ಅಂಚು ಉಜ್ಜು ಸಾಕು. ಅಲ್ಲ, ಅದೂ ಬೇಡ. ಮೊದಲು ಡಾಕ್ಟರಿಗೆ ತೋರಿಸಿ ಬಾ. ತೋರಿಸದೆ ಅಂಗಡಿ ಮೆಟ್ಟಿಲು ಹತ್ತಿದರೆ ಒದೀತೀನಿ," ಅಂದರು ಯಜಮಾನರು.

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ತೂಕದ ಯಂತ್ರ, ಗೋಡೆಯ ಮೇಲೆ ಒಳಗಿನ ನರಗಳನ್ನೆಲ್ಲ ಕೆಂಪು ನೀಲಿಯಲ್ಲಿ ಬಿಡಿಸಿದ ಒಬ್ಬ ಚರ್ಮವಿಲ್ಲದ ಮನುಷ್ಯ. ಸರದಿ ಬರುವವರೆಗೆ ಅವನು ಏನು ಹೇಳಬೇಕೆಂದು ಜೋಡಿಸಿಕೊಂಡು ಕೂತಿದ್ದ. ಬಂದಾಗ ಒಂದೂ ನೆನಪಾಗಲಿಲ್ಲ. ಅಂಗಿಯ ತೋಳು ಮಡಿಚಿ ಕೈ ಚಾಚಿದ. ಡಾಕ್ಟರಮ್ಮ ಮೃದುವಾಗಿ, ಆದರೆ ಒಂದೂ ಬಿಡದೆ, ಮಡಿಕೆಯಿಂದ ಮಣಿಕಟ್ಟಿನವರೆಗೆ ಬೆರಳು ಆಡಿಸಿಕೊಂಡು ಬಂದರು. ಜ್ವರ ಬಂದಿತ್ತಾ, ಕೈ ಪೂರ್ತಿ ಊದಿತ್ತಾ, ಉಸಿರಾಡಲು ಕಷ್ಟವಾಯಿತಾ ಎಂದೆಲ್ಲ ಕೇಳಿದರು. ಇಲ್ಲ, ಇಲ್ಲ, ಇಲ್ಲ.

"ಎಣ್ಣೆ ಹಚ್ಚಿ ತಿಕ್ಕಿದ್ರಾ?"

"ಸ್ವಲ್ಪ."

"ಸ್ವಲ್ಪಾನೂ ಬೇಡ. ಚರ್ಮದ ಅಡಿಯ ರಕ್ತನಾಳ ಬಾತಿದೆ, ಒಳಗೆ ರಕ್ತ ಹೆಪ್ಪುಗಟ್ಟಿ ಗಟ್ಟಿಯಾಗಿದೆ. ಇದು ಮೇಲಿನ ನಾಳ, ಹೆದರೋ ಅಂಥದ್ದಲ್ಲ. ಬಿಸಿನೀರಲ್ಲಿ ಬಟ್ಟೆ ಹಿಂಡಿ ಶಾಖ ಕೊಡಿ. ನೋವಿಗೆ ಮಾತ್ರೆ ಬರೀತೀನಿ. ಕೆಲಸದ ಕೈ ಯಾವುದು ಅಂತ ಕೇಳಲಿಲ್ವಾ ಅವರು?"

"ಕೇಳಿದ್ರು. ನಾನೇ ತಪ್ಪು ಹೇಳಿದೆ."

"ಎಡ ಬಲ ಗೊತ್ತಾಗದ ವಯಸ್ಸೇನ್ರೀ ನಿಮ್ದು?" ಡಾಕ್ಟರಮ್ಮ ನಕ್ಕರು. "ಪರೀಕ್ಷೆಯಲ್ಲಿ ಏನು ಬಂತು?"

"ಸಕ್ಕರೆ ಇಲ್ಲ ಅಂತ ಬಂತು."

"ಮತ್ತೆ? ಖುಷಿಯಾಗಿರಿ. ಇದು ಇನ್ನು ಕೆಲವು ವಾರದಲ್ಲಿ ತಾನಾಗೇ ಕರಗುತ್ತೆ. ಕೈ ಊದಿದರೆ, ಜ್ವರ ಬಂದರೆ ಮಾತ್ರ ಓಡಿ ಬನ್ನಿ."

"ಪೂರ್ತಿ ಹೋಗಿಬಿಡುತ್ತಾ?"

"ಗುರುತೂ ಉಳಿಯಲ್ಲ."

ಅವನು ಎದ್ದೇಳಬೇಕಿತ್ತು. ಏಳಲಿಲ್ಲ. ಎದೆಯಿಂದ ಭಾರ ಇಳಿಯುವ ಬದಲು ಯಾರೋ ಏನನ್ನೋ ಕೈಯಿಂದ ಕಿತ್ತುಕೊಂಡ ಹಾಗಾಯಿತು. ಗುರುತೂ ಉಳಿಯುವುದಿಲ್ಲ. ಈ ಗಂಟುಗಳು ಕರಗಿದ ದಿನ ಅಲ್ಲಿ ಅವನು ಹೋಗಿಯೇ ಇರಲಿಲ್ಲ ಎಂದಾಗುತ್ತದೆ, ಅಣ್ಣನ ನಂಬಿಕೆ ಪೂರ್ತಿಯಾಗುತ್ತದೆ, ತನ್ನದೂ ಆಗಬಹುದು. ಗಾಜು ಸರಿಯಾಗಿ ಗೀರಲು ಬಂದರೆ, ರಾತ್ರಿ ನಿದ್ದೆ ಹತ್ತಿದರೆ, ಬೆಳಿಗ್ಗೆ ಆ ಸಕ್ಕರೆಯ ಚಮಚದ ಸದ್ದು ಬರೇ ಚಮಚದ ಸದ್ದಾಗಿ ಕೇಳಿದರೆ? ಆ ಯೋಚನೆಗೆ ಅವನು ನಿಜಕ್ಕೂ ಹೆದರಿದ.

"ಒಬ್ಬರಿಗೆ," ಎಂದು ಶುರುಮಾಡಿದ, "ನನಗಲ್ಲ, ಗೊತ್ತಿರೋರೊಬ್ಬರಿಗೆ, ಕಾಲಲ್ಲಿ ಚಪ್ಪಲಿ ಕಳಚಿದ್ರೂ ತಿಳಿಯಲ್ಲ."

ಡಾಕ್ಟರಮ್ಮನ ಪೆನ್ನು ನಿಂತಿತು. "ಸಕ್ಕರೆ ಕಾಯಿಲೆ ಇದೆಯಾ ಅವರಿಗೆ?"

"ಇತ್ತು."

"ಇತ್ತು ಅನ್ನೋದು ಇರಲ್ಲಪ್ಪ ಅದರಲ್ಲಿ. ನಾಳೆಯೇ ಕರ್ಕೊಂಡು ಬನ್ನಿ. ಏನು ಕೆಲಸ ಅವರದ್ದು?"

"ಕೂತು ಮಾಡೋ ಕೆಲಸ," ಅಂದುಬಿಟ್ಟ. ಅಂದು, ಚೀಟಿ ತೆಗೆದುಕೊಂಡು, ಬಾಗಿಲು ತಳ್ಳಬೇಕಾದ ಕಡೆ ಎಳೆದು, ಎಳೆದು, ಹೊರಗೆ ಬಂದ.

ಅಂಗಡಿಗೆ ಹೋಗಲಿಲ್ಲ. ಕಾಲು ಎತ್ತ ಕರೆದುಕೊಂಡು ಹೋಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಸ್ಸಿನ ತಂಗುದಾಣದಲ್ಲಿದ್ದ. ಅಣ್ಣನ ಗಾಡಿ ಬರುವ ದಾರಿ ಅದು. ಬಂತು. ಹಿಂದಿನ ಬಾಗಿಲಿನಿಂದ ಹತ್ತಿ, ಜನರ ನಡುವೆ ನುಸುಳಿ, ಚಾಲಕನ ಹಿಂದಿನ ಕಂಬಿ ಹಿಡಿದು ನಿಂತ, ಎಡಗೈಯಲ್ಲಿ. ಕನ್ನಡಿಯಲ್ಲಿ ಅಣ್ಣನ ಕಣ್ಣು ಅವನನ್ನು ಕಂಡು ಅರಳಿತು. "ಏನೋ, ಅಂಗಡಿಗೆ ಚಕ್ಕರ್ರಾ? ಟಿಕೆಟ್ ತಗೋ, ತಮ್ಮ ಅಂತ ಬಿಡಲ್ಲ ನಮ್ಮ ಕಂಡಕ್ಟರ್!" ಎಂದು ಕೂಗಿದ. ಮುಂದಿನ ಸೀಟಿನವರು ನಕ್ಕರು. ಅಣ್ಣ ಸ್ಟೇರಿಂಗಿನ ಹಿಂದೆ ಬೇರೆ ಮನುಷ್ಯ. ಬೆನ್ನು ನೆಟ್ಟಗೆ, ಕತ್ತು ಎತ್ತರ, ಇಡೀ ರಸ್ತೆ ತನ್ನ ಮನೆಯಂಗಳ ಎನ್ನುವ ಹಾಗೆ. ಈ ಬೆನ್ನನ್ನು ಸ್ಟೂಲಿನ ಮೇಲೆ ಕೂರಿಸಬೇಕಲ್ಲ ಎಂದುಕೊಂಡು ಅವನು ಮುಖ ಆಚೆ ತಿರುಗಿಸಿದ. ಕಿಟಕಿಯ ಪಕ್ಕ ಒಬ್ಬಳು ಹುಡುಗಿ ಗಾಜಿಗೆ ತಲೆ ಆನಿಸಿ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ಹಸುಗೂಸಿನ ತಾಯಿಯೊಬ್ಬಳು ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ ಹಿಡಿದು, ಆಸರೆಗೆ ಏನನ್ನೂ ಹಿಡಿದುಕೊಳ್ಳದೆ, ಸೀಟಿನ ಮೇಲೆ ಧೈರ್ಯವಾಗಿ ಕೂತಿದ್ದಳು. ಎಲ್ಲರೂ ಎಷ್ಟು ಧೈರ್ಯವಾಗಿ ಕೂತಿದ್ದರು! ತನ್ನ ರಕ್ತದ ಮೇಲೆ ಕೂತಿದ್ದಾರೆ ಇವರು, ಅಂದುಕೊಂಡ. ಅವನು ಅಣ್ಣನ ಬಲಗಾಲನ್ನೇ ನೋಡುತ್ತಿದ್ದ. ಬೂಟಿನ ದಾರ ಕಟ್ಟಿರಲಿಲ್ಲ. ಅಣ್ಣ ಬ್ರೇಕಿಗೆ ಕಾಲಿಡುವಾಗ ಒಮ್ಮೆ ಕಣ್ಣು ಕೆಳಗೆ ಮಾಡಿ ನೋಡುತ್ತಿದ್ದ. ಪ್ರತಿ ಸಲವೂ. ಎಲ್ಲಿಟ್ಟೆ ಎಂದು ನೋಡಿ ತಿಳಿದುಕೊಳ್ಳುತ್ತಿದ್ದ. ಹಾಗೆ ನೋಡಿದ ಒಂದು ಕ್ಷಣದಲ್ಲಿ ಮುಂದಿನ ನಿಲ್ದಾಣ ಜಾರಿ ಹಿಂದೆ ಹೋಯಿತು. ಬಸ್ಸು ಅದರಾಚೆ, ತಳ್ಳುಗಾಡಿಯೊಂದರ ಮೂಗಿಗೆ ತಾಗುವಷ್ಟು ಹತ್ತಿರ, ಜಗ್ಗಿ ನಿಂತಿತು. ನಿದ್ದೆಯ ಹುಡುಗಿಯ ಹಣೆ ಗಾಜಿಗೆ ಬಡಿಯಿತು. "ಏನ್ರೀ ಡ್ರೈವರ್ರೇ, ಮಲಗಿದೀರಾ?" ಯಾರೋ ಕಿರುಚಿದರು. "ನಿಮ್ಮನೆ ಬಾಗಿಲಿಗೇ ಬಿಟ್ಟಿದೀನಿ, ಇಳೀರಿ!" ಅಣ್ಣ ತಿರುಗಿ ಕೂಗಿದ. ಜನ ನಕ್ಕರು. ಕನ್ನಡಿಯಲ್ಲಿ ಅಣ್ಣ ನಗುತ್ತಿರಲಿಲ್ಲ. ಕುತ್ತಿಗೆಯ ಮೇಲೆ ಬೆವರು ಹನಿಗಟ್ಟಿತ್ತು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ಹಿಂದಿರುಗುವ ಜನ ಆಗಲೇ ಹತ್ತತೊಡಗಿದ್ದರು. ಕಂಡಕ್ಟರ್ ನೀರು ಕುಡಿಯಲು ಹೋದ. ಅಣ್ಣ ಇಳಿದು ಬಸ್ಸಿನ ನೆರಳಿನಲ್ಲಿ ನಿಂತು ಬಾಟಲಿಯ ನೀರನ್ನು ಗಟಗಟ ಖಾಲಿ ಮಾಡಿದ.

"ಅಣ್ಣಾ, ಆ ರಕ್ತ ನಂದು," ಅಂದ ಅವನು.

"ಮೆಲ್ಲಗೆ ಮಾತಾಡೋ!" ಅಣ್ಣ ಸುತ್ತ ನೋಡಿದ. "ಯಾವ ರಕ್ತ? ಅದು ಮುಗಿದ ಮಾತು. ಸರಿಯಾಗೇ ಇದೀನಲ್ಲ ನಾನು? ಆ ತಳ್ಳುಗಾಡಿಯೋನು ಅಡ್ಡ ಬಂದ, ನೀನೇ ನೋಡಿದೆ."

"ನೋಡಿದೆ. ನಿನ್ನ ಕಾಲು ನೋಡಿದೆ."

"ದೊಡ್ಡ ಡಾಕ್ಟರ್ ಆಗಿಬಿಟ್ಯಾ? ಒಂದು ಚೂರು ರಕ್ತ ಕೊಟ್ಟು ಊರೆಲ್ಲ ಸಾರ್ತೀಯ? ನಿನಗೋಸ್ಕರ ನಾನು..." ಅಣ್ಣ ಅಲ್ಲಿಗೆ ನಿಲ್ಲಿಸಿದ. ಆ ಮಾತು ಎಂದೂ ಅವನ ಬಾಯಿಂದ ಬಂದಿರಲಿಲ್ಲ. ಅರ್ಧ ಬಂದುದಕ್ಕೇ ಮುಖ ಬಾಡಿತು.

ಅವನು ಅಂಗಿಯ ತೋಳು ಮೇಲೆ ಸರಿಸಿ, ಅಣ್ಣನ ಬಲಗೈ ಹಿಡಿದು, ಬೆರಳುಗಳನ್ನು ತನ್ನ ಮಡಿಕೆಯ ಮೇಲೆ ಇಟ್ಟ. "ಇಲ್ಲಿ ನೋಡು. ಇದು ನಿನ್ನದು. ನಿನ್ನ ಹೆಸರಲ್ಲಿ ಆಗಿದ್ದು. ಮುಟ್ಟಿ ನೋಡು."

ಅಣ್ಣ ಮುಟ್ಟಿದ. ಬೆರಳು ಅತ್ತಿತ್ತ ಆಡಿಸಿದ. "ಎಲ್ಲಿ?"

"ಅಲ್ಲೇ. ಕೈ ಕೆಳಗೇ ಇದೆಯಲ್ಲ."

"ಏನೂ ಇಲ್ವಲ್ಲೋ. ನುಣ್ಣಗಿದೆ." ಅಣ್ಣ ಒತ್ತಿದ. ನೋವಿಗೆ ತಮ್ಮನ ಕಣ್ಣಲ್ಲಿ ನೀರು ಬಂತು. "ತಾಳು, ಎಡಗೈಯಲ್ಲಿ ನೋಡ್ತೀನಿ," ಎಂದು ಅಣ್ಣ ಎಡಗೈಯ ಬೆರಳುಗಳನ್ನು ಇಟ್ಟು, ಕಣ್ಣು ಮುಚ್ಚಿಕೊಂಡು, ಕತ್ತಲಲ್ಲಿ ಬೀಗದ ಕೈ ಹುಡುಕುವವನ ಹಾಗೆ ಮಡಿಕೆಯಿಂದ ಮಣಿಕಟ್ಟಿನವರೆಗೆ, ಮಣಿಕಟ್ಟಿನಿಂದ ಮಡಿಕೆಯವರೆಗೆ ತಡವಿದ. ಜೋರಾಗಿ ಒತ್ತಿದ. ಅವನು ತುಟಿ ಕಚ್ಚಿಕೊಂಡು ನಿಂತ, ಕೈ ಎಳೆದುಕೊಳ್ಳಲಿಲ್ಲ. ಅತ್ತಿಗೆಯ ಬೆರಳಿಗೆ ಸಿಕ್ಕಿದ್ದು, ಯಜಮಾನರ ಒರಟು ಹೆಬ್ಬೆರಳಿಗೆ ಸಿಕ್ಕಿದ್ದು, ಅಣ್ಣನ ಬೆರಳಿನ ಅಡಿಯಲ್ಲಿ ಇದ್ದೂ ಇರಲಿಲ್ಲ. ಅಣ್ಣ ಕಣ್ಣು ಬಿಟ್ಟು ಗಂಟುಗಳನ್ನು ನೋಡಿದ. ಬಿಸಿಲು ಓರೆಯಾಗಿ ಬಿದ್ದು ಅವು ಎದ್ದು ಕಾಣುತ್ತಿದ್ದವು. ಆಮೇಲೆ ತನ್ನ ಬೆರಳುಗಳನ್ನು ನೋಡಿದ. ಅವುಗಳ ತುದಿಯನ್ನು ಒಂದಕ್ಕೊಂದು ತಿಕ್ಕಿದ. ಬಸ್ಸಿನ ತಗಡಿಗೆ ಒತ್ತಿ ನೋಡಿದ. ಉಗುರಿನಿಂದ ಚಿವುಟಿಕೊಂಡ.

ಬಸ್ಸು ತುಂಬಿತ್ತು. ಕಂಡಕ್ಟರ್ ಬಾಯಿ ಒರೆಸಿಕೊಳ್ಳುತ್ತ ಬಂದು, "ಹೋಗೋಣ್ವಾ ಸಾರ್?" ಅಂದ.

ಅಣ್ಣ ಚಾಲಕನ ಬಾಗಿಲಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ತಲೆ ಎತ್ತದೆ, "ಡಿಪೋಗೆ ಫೋನ್ ಮಾಡಪ್ಪ. ಬೇರೆ ಡ್ರೈವರ್ ಕಳಿಸೋಕೆ ಹೇಳು," ಅಂದ. ಕಂಡಕ್ಟರ್ ಏನೋ ಕೇಳಲು ಹೋಗಿ ಆ ಮುಖ ನೋಡಿ ಸುಮ್ಮನೆ ಫೋನ್ ತೆಗೆದ. ಒಳಗೆ ಗುಸುಗುಸು ಎದ್ದಿತು. ಒಬ್ಬಿಬ್ಬರು ಬೈದುಕೊಂಡು ಇಳಿದರು. ಬುಟ್ಟಿ ಹಿಡಿದ ಒಬ್ಬ ಅಜ್ಜಿ ಬಸ್ಸನ್ನು ಒಂದು ಸುತ್ತು ಬಂದು ಇವರ ಮುಂದೆ ನಿಂತಳು.

"ಯಾಕಪ್ಪಾ, ಬಸ್ಸು ಕೆಟ್ಟೋಯ್ತಾ?"

ಬಸ್ಸಿಗೇನೋ ಆಗಿದೆ ಎಂದು ಹೇಳುವುದು ಸುಲಭವಿತ್ತು, ತಮ್ಮನ ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಅಣ್ಣನೇ ಹೇಳಿದ.

"ಬಸ್ಸು ಚೆನ್ನಾಗಿದೆಯಮ್ಮ. ನನಗೆ ಹುಷಾರಿಲ್ಲ."

"ಹುಷಾರಿಲ್ಲದೋನು ಬೆಳಿಗ್ಗೆ ಯಾಕಪ್ಪ ಗಾಡಿ ಹತ್ತಿದೆ?" ಅಜ್ಜಿ ಗದರಿದಳು. ಅವಳು ತಮ್ಮನ ಕಡೆ ತಿರುಗಿದಳು. "ನೀನಾದ್ರೂ ಹೇಳಬಾರದಿತ್ತಾ?"

ಅಣ್ಣ ಮೆಟ್ಟಿಲ ಮೇಲೆ ಒಂದು ಪಕ್ಕಕ್ಕೆ ಸರಿದ. ತಮ್ಮ ಆ ಜಾಗದಲ್ಲಿ ಕೂತ. ಅಜ್ಜಿ ಉತ್ತರಕ್ಕಾಗಿ ಅಲ್ಲೇ ನಿಂತಿದ್ದಳು.